ಕೊಡೆ ಇಲ್ಲಿಟ್ಟು ಹೋಗಿ

ಊರಂಚಿನ ಕಾಡಿನಲ್ಲಿ ನಾಲ್ಕು ಹೆಜ್ಜೆ ಸುತ್ತಾಡಿ ಬರೋಣವೆಂದು ಹೊರಟವರು ಮೊದಲು ಈ ಗೇಟಿನವನನ್ನು ದಾಟಬೇಕು. ಬುತ್ತಿ ತಂದವರ ಚೀಲವನ್ನು ಮೂಸುತ್ತಾನೆ, ದುರ್ಬೀನು ತಂದವರನ್ನು "ಹಕ್ಕಿ ನೋಡೋಕಾ, ಹಿಡಿಯೋಕಾ?" ಎಂದು ಕೇಳುತ್ತಾನೆ, ಹೊರಗೆ ಬರುವ ಮಕ್ಕಳ ಜೇಬು ತಟ್ಟಿ ನೋಡುತ್ತಾನೆ. ಗುಂಪಾಗಿ ಬಂದವರನ್ನು ಗೊಣಗಿಕೊಂಡಾದರೂ ಬಿಡುತ್ತಾನೆ. ಒಂಟಿಯಾಗಿ ಬಂದವರನ್ನು ಕಂಡರೆ ಮಾತ್ರ ಅವನ ಹುಬ್ಬು ಗಂಟಾಗುತ್ತದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಮೊದಲ ಸಲ ಒಬ್ಬಳೇ ಹೋದಾಗ, "ಅಜ್ಜಿ, ಕೊಡೆ ಇಲ್ಲಿಟ್ಟು ಹೋಗಿ. ವಾಪಸ್ ಬಂದು ನನ್ನ ಕೈಯಿಂದಾನೇ ತಗೊಳ್ಳಿ" ಎಂದ. "ಬಿಸಿಲಿಗೆ ಅಂತಲೇ ತಂದಿದ್ದಲ್ವೇನಪ್ಪ?" ಎಂದೆ. "ಒಳಗೆ ಮರಗಳಿವೆಯಲ್ಲ" ಎಂದ. ಇವನು ಕೊಡೆಗಳ್ಳನೇ ಇರಬೇಕೆಂದು ನನಗೂ ಗುಮಾನಿ ಬಂತು, ಏಕೆಂದರೆ ಅವನ ಕೋಣೆಯ ಮೊಳೆಯಲ್ಲಿ ಹೆಂಗಸರ ಹಳೆಯ ನೀಲಿ ಕೊಡೆಯೊಂದು ನೇತಾಡುತ್ತಿತ್ತು. ಮರಳಿ ಬಂದಾಗ, "ಅದು ಯಾರದು?" ಎಂದು ಕೇಳಿಯೇಬಿಟ್ಟೆ. ಅವನು ನನ್ನ ಕೊಡೆಯ ಧೂಳು ಒರೆಸುತ್ತಾ, "ಒಬ್ಬರು ಅಕ್ಕ ಒಂಟಿಯಾಗಿ ಬಂದಿದ್ರು. ನಾನು ಏನೂ ಕೇಳದೆ ಒಳಗೆ ಬಿಟ್ಟೆ. ಆಮೇಲೆ ಕೊಡೆ ಮಾತ್ರ ಒಳಗಿನ ಕೆರೆ ದಂಡೇಲಿ ಸಿಕ್ತು" ಎಂದ. ಮಾರನೆಯ ದಿನ ಅವನು ಕೇಳುವ ಮೊದಲೇ ನನ್ನ ಕೊಡೆಯನ್ನು ಚಾಚಿದೆ. ಅದನ್ನು ಬಿಚ್ಚಿ, ಒಳಗೇನಾದರೂ ಬಚ್ಚಿಟ್ಟಿದ್ದೇನೆಯೇ ಎಂದು ನೋಡಿ, ನೀಲಿ ಕೊಡೆಯ ಪಕ್ಕದ ಮೊಳೆಗೆ ತೂಗುಹಾಕಿದ.