ಸದ್ದು ನುಂಗಿದ ರಬ್ಬರ್ ರಸ್ತೆ

ಗೆಳೆಯರೇ, ಟ್ರಿಪ್ಲಿಕೇನಿನ ನಮ್ಮ ಬೀದಿಗೆ ಸರ್ಕಾರದ ಹಣದಲ್ಲಿ ಹಳೆಯ ಟೈರಿನ ರಬ್ಬರ್ ಬೆರೆಸಿದ ಡಾಂಬರು ಬಿದ್ದಿದೆ. ವಾಹನಗಳ ಸದ್ದೇ ಅಡಗಿದೆ. ಕಣ್ಣು ಕಾಣದ ನನ್ನ ಅತ್ತೆ ಸದ್ದು ಕೇಳಿಯೇ ರಸ್ತೆ ದಾಟುವವರು. ಇಂದು ಬೆಳಿಗ್ಗೆ ನಡುರಸ್ತೆಯಲ್ಲಿ ನಿಂತು, "ಗಾಡಿ ಯಾವೂ ಇಲ್ಲೇನವ್ವಾ?" ಎಂದು ಕೂಗಿದರು. ಅವರ ಎರಡೂ ಬದಿಗೆ ಬ್ಯಾಟರಿ ಆಟೋಗಳು ನೆರಳಿನಂತೆ ಸರಿದುಹೋಗುತ್ತಿದ್ದವು. ಒಂದರ ಗಾಳಿಗೆ ಸೆರಗು ಹಾರಿತು.

"ಯಾರೋ ಮುಟ್ಟಿದ್ರು!"

ಓಡಿಹೋಗಿ ಕೈ ಹಿಡಿದೆ. ನನ್ನ ಹೆಜ್ಜೆಯೂ ಕೇಳಿಸಿರಲಿಲ್ಲ, ಚೀರಿಬಿಟ್ಟರು.

ರಸ್ತೆ ನೋಡಲು ಬಂದಿದ್ದ ಎಂಜಿನಿಯರಿಗೆ ದೂರು ಹೇಳಿದರೆ ಅವರು ಹೆಮ್ಮೆಯಿಂದ, "ಸತ್ತಮೇ ಇಲ್ಲೈ, ಪಾರುಂಗ ಮೇಡಂ!" ಎಂದರು.

ತಮಿಳಿನಲ್ಲಿ ಸತ್ತಂ ಎಂದರೆ ಸದ್ದು; ಸದ್ದೇ ಇಲ್ಲ ನೋಡಿ ಎಂದರ್ಥ. ಅತ್ತೆಗೂ ಅದು ಗೊತ್ತು. ಆದರೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಮೆಲ್ಲಗೆ ಕೇಳಿದರು: "ಇನ್ನೂ ಯಾರೂ ಸತ್ತಿಲ್ಲ ಅಂತಾನೇನು?"