ಡಬ್ಬಿಯ ಹಿಂಬದಿ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಕನ್ನಡಕ ಯಾವಾಗಲೂ ಹಣೆಯ ಮೇಲೇ ಇರುತ್ತಿತ್ತು. ಯಾರಾದರೂ ಫಾರಿನ್ ಬಿಸ್ಕತ್ತೋ ಚಾಕಲೇಟೋ ಕೇಳಿದರೆ ಮಾತ್ರ ಕಣ್ಣಿಗಿಳಿಯುತ್ತಿತ್ತು. ಡಬ್ಬಿ ತಿರುಗಿಸಿ, ಸಣ್ಣಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಹೇಳುತ್ತಿದ್ದರು: "ಹಿಂದೆ ನೋಡಿ. ಮುಂದಿರೋದು ಬರೀ ಚಿತ್ರ."

ಇಸವಿ ಎರಡು ಸಾವಿರದ ಆಚೀಚಿನ ವರ್ಷಗಳು. ಹೊರದೇಶದ ಕಾಳುಮೆಣಸು ಬಂದು ನಮ್ಮ ಮೆಣಸಿನ ರೇಟು ಬಿದ್ದಿತ್ತು. ಬಾಳೂರಿನಲ್ಲಿ ಸಣ್ಣ ತೋಟವಿದ್ದ ಅಪ್ಪ, ಸರ್ಕಾರ ಆ ಮೆಣಸನ್ನು ಬಂದರಿನಲ್ಲೇ ತಡೆಯಬೇಕು, ಅಲ್ಲಿ ಯಾರೂ ನೋಡುವುದಿಲ್ಲ ಎಂದು ಆ ಅಂಗಡಿಗೆ ಹೋದಾಗಲೆಲ್ಲ ಬೈಯುತ್ತಿದ್ದ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ ಅದೇ ಅಪ್ಪ ಕೆಂಪು ಡಬ್ಬಿಯ ಫಾರಿನ್ ಬಿಸ್ಕತ್ತು ಕೇಳಿದ. ಅಂಗಡಿಯವರು ತಿರುಗಿಸಿ ನೋಡಿದರು. ಹೊರಗಿನಿಂದ ತರಿಸಿದವರ ಹೆಸರೂ ಇರಲಿಲ್ಲ, ಕೆಡುವ ತಾರೀಕೂ ಇರಲಿಲ್ಲ.

"ಇದನ್ನ ಕೊಡಕ್ಕಾಗಲ್ಲ. ವಾಪಸ್ ಕಳಿಸ್ತೀನಿ."

"ಫಾರಿನ್ದು ಕೆಡುತ್ತೇನು ಮಾರಾಯ? ಯಾವ ಇನ್‌ಸ್ಪೆಕ್ಟರ್ ಇಲ್ಲಿಗೆ ಬಂದು ನೋಡ್ತಾನೆ?" ಎಂದ ಅಪ್ಪ.

"ಬಂದರಲ್ಲಿ ಯಾರೂ ನೋಡಲ್ಲ ಅಂತ ನೀವೇ ಬೈತೀರಲ್ಲ ಗೌಡ್ರೇ. ಇಲ್ಲಾದ್ರೂ ಒಬ್ರು ನೋಡ್ಬೇಕಲ್ಲ."

ಮರುದಿನ ಬಂದವರಿಗೆ ಅದೇ ಅಂಗಡಿಯ ಚಕ್ಕುಲಿ ಕೊಟ್ಟೆವು. ಗಂಡಿನ ತಂದೆ ಎರಡು ಸಲ ಕೇಳಿ ಹಾಕಿಸಿಕೊಂಡರು.

ಈಗ ಆ ಅಂಗಡಿಯಿಲ್ಲ, ಅವರೂ ಇಲ್ಲ. ಮೊನ್ನೆ ಚಿಕ್ಕಮಗಳೂರಿನ ದೊಡ್ಡ ಮಳಿಗೆಯೊಂದರಲ್ಲಿ ಕಾಳುಮೆಣಸಿನ ಪೊಟ್ಟಣ ಕೈಗೆತ್ತಿಕೊಂಡೆ. ಮುಂದೆ ಹಸಿರು ಗುಡ್ಡದ ಚಿತ್ರ, ಥೇಟ್ ನಮ್ಮ ಬಾಳೂರು. ಕೈ ತಾನಾಗಿ ತಿರುಗಿಸಿತು. ಸಣ್ಣಕ್ಷರದಲ್ಲಿ ಹೊರದೇಶದ ಹೆಸರಿತ್ತು. ಪೊಟ್ಟಣವನ್ನು ಅಲ್ಲೇ ಇಟ್ಟು ಬಂದೆ, ಅದರ ಬೆನ್ನು ಎದುರಿಗೆ ಕಾಣುವ ಹಾಗೆ.