ಅಳಿಸಿದ ಹೆಸರಿನ ಮುಂದೆ ಸಹಿ

ಕಂಪ್ಯೂಟರಿನಲ್ಲಿ ನಡೆಯುವ ಪ್ರತಿಯೊಂದಕ್ಕೂ ಕಾರಣವಿರುತ್ತದೆ ಎಂದು ನಂಬಿ ಬದುಕಿದವನು ನಾನು. ಯಾರಾದರೂ ದೆವ್ವ, ಆತ್ಮ ಎಂದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಗುವುದನ್ನಂತೂ ಬಿಟ್ಟಿದ್ದೇನೆ.

ಕೊಯಮತ್ತೂರು, ತಿರುಪ್ಪೂರಿನ ಸಣ್ಣಪುಟ್ಟ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕಸುಬು. ಏಳೆಂಟು ವರ್ಷಗಳ ಹಿಂದೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯವರು ಕರೆಸಿದರು. ಅವರ ಹಳೆಯ ಸಾಫ್ಟ್‌ವೇರ್ ಇಸವಿಯನ್ನು ಎರಡೇ ಅಂಕಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಎರಡು ಸಾವಿರದಲ್ಲಿ ಹುಟ್ಟಿದ ಹುಡುಗಿಯರು ಆಗಷ್ಟೇ ಕೆಲಸಕ್ಕೆ ಸೇರತೊಡಗಿದ್ದರು. ಸೊನ್ನೆ ಸೊನ್ನೆ ಎಂದು ಹಾಕಿದರೆ ಅದು ಸಾವಿರದ ಒಂಬೈನೂರು ಎಂದುಕೊಂಡು, ಹದಿನೆಂಟರ ಹುಡುಗಿಯನ್ನು ನೂರ ಹದಿನೆಂಟರ ಅಜ್ಜಿಯನ್ನಾಗಿ ಮಾಡಿಬಿಡುತ್ತಿತ್ತು. ಆಫೀಸಿನವರೆಲ್ಲ ನಗುತ್ತಿದ್ದರು, ನಾನೂ ನಕ್ಕೆ.

ತಾರೀಖಿನ ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ಎಲ್ಲ ಕಡೆಯೂ ಒಂದೇ ಹೆಸರು ಹಾಕುತ್ತಿದ್ದೆ. ಸುಗುಣ, ಹುಟ್ಟಿದ್ದು ಫೆಬ್ರವರಿ ಇಪ್ಪತ್ತೊಂಬತ್ತು. ಸಾಫ್ಟ್‌ವೇರ್ ಮುಗ್ಗರಿಸುವುದಿದ್ದರೆ ಆ ದಿನದಲ್ಲೇ ಮುಗ್ಗರಿಸುತ್ತದೆ. ಎರಡು ಸಾವಿರದಲ್ಲಿ ಆ ದಿನವಿತ್ತು, ಸಾವಿರದ ಒಂಬೈನೂರರಲ್ಲಿ ಇರಲಿಲ್ಲ. ಸುಗುಣ ನನ್ನ ಅಕ್ಕ, ಹುಟ್ಟಿದ್ದೂ ಅದೇ ದಿನ. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದಳು. ನಿಜವಾದ ಹುಟ್ಟುಹಬ್ಬ ಎರಡೇ ಕಂಡವಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ. ಕೆಲಸ ಮುಗಿದ ಮೇಲೆ ಆ ಹೆಸರನ್ನು ಅಳಿಸಿ ಬರುತ್ತಿದ್ದೆ. ಅಮ್ಮನಿಗೆ ಇದನ್ನು ಹೇಳುವ ಧೈರ್ಯ ಬಂದಿರಲಿಲ್ಲ.

ಅಲ್ಲಿಯೂ ಜನವರಿಯಲ್ಲಿ ಕೆಲಸ ಮುಗಿಸಿ ಹೆಸರು ಅಳಿಸಿ ಬಂದೆ. ಮಾರ್ಚ್ ಮೊದಲ ವಾರ ಅಲ್ಲಿನ ಆಫೀಸ್ ಮೇಡಂ ಫೋನ್ ಮಾಡಿದರು. ಆ ಕಂಪನಿಯಲ್ಲಿ ತಿಂಗಳ ಕೊನೆಗೆ, ಆ ತಿಂಗಳು ಹುಟ್ಟಿದವರ ಪಟ್ಟಿ ಪ್ರಿಂಟ್ ತೆಗೆದು, ಒಬ್ಬೊಬ್ಬರಿಗೆ ಒಂದು ಸ್ವೀಟ್ ಪೊಟ್ಟಣ ಕೊಟ್ಟು ಸಹಿ ಹಾಕಿಸಿಕೊಳ್ಳುವ ವಾಡಿಕೆ. ಫೆಬ್ರವರಿ ಪಟ್ಟಿಯ ಕೊನೆಯಲ್ಲಿ ಕಂಪನಿಯಲ್ಲೇ ಇಲ್ಲದ ಸುಗುಣ ಎಂಬ ಹೆಸರಿದೆ, ಪೊಟ್ಟಣವನ್ನೂ ಯಾರೋ ತೆಗೆದುಕೊಂಡಿದ್ದಾರೆ ಎಂದರು. ಅಳಿಸುವುದು ಮರೆತೆನೇನೋ ಎಂದು ನನ್ನನ್ನೇ ಬೈದುಕೊಳ್ಳುತ್ತಾ ತಿರುಪ್ಪೂರಿಗೆ ಹೋದೆ.

ಮೇಡಂ ಹಾಳೆಯನ್ನು ಮುಂದಿಟ್ಟರು. "ಇದು ಎನ್ನ ಎಳುತ್ತು ಸಾರ್, ತೆಲುಂಗಾ?" ಎಂದು ಸಹಿಯನ್ನು ತೋರಿಸಿ, ಅದು ಯಾವ ಲಿಪಿ ಎಂದು ಕೇಳಿದರು.

ಅದು ಕನ್ನಡ. ತಮಿಳುನಾಡಿನಲ್ಲಿದ್ದ ನಾವು ಮನೆಯಲ್ಲಿ ಕನ್ನಡ ಆಡಿದರೂ ಓದುಬರಹ ಬರುತ್ತಿದ್ದದ್ದು ಅಜ್ಜಿಗೆ ಮಾತ್ರ. ಅಜ್ಜಿ ಕಲಿಸಿದ್ದು ಅಕ್ಕನಿಗೆ ಮಾತ್ರ. ಕೊಯಮತ್ತೂರಿನ ಹತ್ತಿರ ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ, ಮಗ್ಗದ ಕೋಣೆಯ ಗೋಡೆಯ ತುಂಬ ಅವಳು ಸೀಮೆಸುಣ್ಣದಿಂದ ತನ್ನ ಹೆಸರು ಬರೆಯುತ್ತಿದ್ದಳು. ನನಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ, ಆದರೂ ಆ ಮೂರು ಅಕ್ಷರಗಳ ಆಕಾರ ಗೊತ್ತಿತ್ತು. ಹಾಳೆಯಲ್ಲಿದ್ದದ್ದು ಅದೇ, ಅಷ್ಟೇ ದಪ್ಪಗೆ, ಅಷ್ಟೇ ಸೊಟ್ಟಗೆ.

ಕಂಪ್ಯೂಟರಿನಲ್ಲಿ ಹುಡುಕಿದೆ. ಹೆಸರಿರಲಿಲ್ಲ. ಬ್ಯಾಕಪ್‌ನಲ್ಲೂ ಇರಲಿಲ್ಲ. ಅದೇ ಪಟ್ಟಿಯನ್ನು ಮತ್ತೆ ಪ್ರಿಂಟ್ ತೆಗೆದರೆ ಒಂದು ಸಾಲು ಕಡಿಮೆ ಬಂತು. ಅಲ್ಲಿ ಒಡಿಶಾದವರಿದ್ದರು, ಬಿಹಾರದವರಿದ್ದರು, ಕರ್ನಾಟಕದವರು ಒಬ್ಬರೂ ಇರಲಿಲ್ಲ. ಪೊಟ್ಟಣ ಕೊಟ್ಟಿದ್ದು ಮೇಡಂ ತಾವೇ. ಶಿಫ್ಟ್ ಬಿಟ್ಟ ಗಲಾಟೆಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ ಎಂದರು.

ವಿದೇಶಿ ಖರೀದಿದಾರರ ತಪಾಸಣೆ ಹತ್ತಿರ ಬಂದಿತ್ತು. ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾದರೂ ಅವರು ಬಿಡುವುದಿಲ್ಲವಂತೆ. "ಪೇರ ಅಡಿಚ್ಚಿಟ್ಟು ಕೈಯೆಳುತ್ತು ಪೋಡುಂಗ ಸಾರ್" ಎಂದರು. ಹೆಸರು ಹೊಡೆದುಹಾಕಿ ನಾನು ಸಹಿ ಮಾಡಬೇಕಿತ್ತು. ಪೆನ್ನು ತೆಗೆದುಕೊಂಡೆ. ಅಷ್ಟು ವರ್ಷ ಒಂದು ಗುಂಡಿ ಒತ್ತಿ ಅಕ್ಕನನ್ನು ಅಳಿಸುತ್ತಿದ್ದವನಿಗೆ ಅವತ್ತು ಒಂದು ಗೆರೆ ಎಳೆಯಲಾಗಲಿಲ್ಲ. ದುಃಖ ಉಕ್ಕಿ ಬಂತು. ಹಾಳೆಯ ಫೋಟೋ ತೆಗೆದುಕೊಂಡು, ನೀವೇ ಹೊಡೆದುಬಿಡಿ ಎಂದೆ. ಮೇಡಂ ಗೆರೆ ಎಳೆದರು.

ಮರುದಿನ ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಅಳಿಸುತ್ತಿದ್ದದ್ದನ್ನೂ ಸೇರಿಸಿ. ಬೈಯಲಿಲ್ಲ, ಅಳಲೂ ಇಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡು ಆ ಸಹಿಯನ್ನು ತುಂಬ ಹೊತ್ತು ನೋಡಿದಳು.

"ಪೊಟ್ಟಣ ಕೈಗೇ ಕೊಟ್ರಾ?"

"ಕೊಟ್ರಂತೆ ಅಮ್ಮ."

ಚಿಕ್ಕಂದಿನಲ್ಲಿ ಮುದ್ದಿನಿಂದ ಕರೆಯುತ್ತಿದ್ದಂತೆ ನನ್ನನ್ನು ಕಣ್ಣು ಎಂದು ಕರೆದು ಕೇಳಿದಳು. "ತಿರುಪ್ಪೂರಿಗೆ ಅಷ್ಟು ದೂರ ಒಂಟಿಯಾಗಾ ಬಂದ್ಲು ಕಣ್ಣು? ಕೂಡ ಯಾರೂ ಇಲ್ವಾ?"

ಗೊತ್ತಿಲ್ಲಮ್ಮ ಎಂದೆ. ಇವತ್ತಿಗೂ ನನಗೆ ಗೊತ್ತಿರುವುದು ಅಷ್ಟೇ.